ಬಿರುಕನ್ನು ಮರೆಸದ ಬಡಗಿ
ಜಾರ್ಜ್ ನಕಾಶಿಮಾ ಅವರ ಬದುಕು, ಬರಹ ಮತ್ತು ಮರಗೆಲಸ: ಒಂದು ವಿಮರ್ಶೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಬಡಗಿಯೊಬ್ಬರ ವಿಚಾರಕ್ಕೆ ಏನು ಸ್ಥಾನವೆಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಕನ್ನಡವು ಎಂಟುನೂರು ವರ್ಷಗಳ ಹಿಂದೆಯೇ ಉತ್ತರ ಹೇಳಿದೆ. ಶರಣರ ಗಣದಲ್ಲಿ ಬಾಚಿ ಕಾಯಕದ ಬಸವಪ್ಪನೆಂಬ ಬಡಗಿ ವಚನಕಾರನಾಗಿದ್ದಾನೆ. ಆತನ ಮಡದಿ ಕಾಳವ್ವೆಯೂ ವಚನ ರಚಿಸಿದವಳು. ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದ ಮೇದಾರ ಕೇತಯ್ಯನೂ ಅದೇ ಗಣದವನು. ಕೈಕೆಲಸದ ಅನುಭವ ನುಡಿಯಾಗಬಲ್ಲದು, ನುಡಿಯ ಸತ್ಯವನ್ನು ಕೈಕೆಲಸದಿಂದಲೇ ಒರೆಗೆ ಹಚ್ಚಬಹುದು ಎಂಬ ತಿಳಿವಳಿಕೆ ನಮಗೆ ಪರಂಪರೆಯಿಂದ ಬಂದದ್ದು. ಆ ತಿಳಿವಳಿಕೆಯನ್ನೇ ಅಳತೆಗೋಲಾಗಿ ಹಿಡಿದು, ಅಮೆರಿಕದಲ್ಲಿ ಹುಟ್ಟಿ, ಜಪಾನಿನಲ್ಲಿ ಕಲಿತು, ಪಾಂಡಿಚೇರಿಯಲ್ಲಿ ತನ್ನ ದಾರಿ ಕಂಡುಕೊಂಡ ಮರಗೆಲಸದ ಆಚಾರ್ಯ ಜಾರ್ಜ್ ನಕಾಶಿಮಾ (೧೯೦೫–೧೯೯೦) ಅವರ ಬದುಕು, ಬರಹ, ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ನಕಾಶಿಮಾ ಅವರನ್ನು ಹೊಗಳಿದ ಬರಹಗಳಿಗೆ ಕೊರತೆಯಿಲ್ಲ. ಮರದ ಮಾತನ್ನು ಆಲಿಸಿದ ಋಷಿ ಎಂಬುದು ಅವರಿಗೆ ಅಂಟಿದ ಬಿರುದು. ಒಬ್ಬರನ್ನು ಋಷಿಯೆಂದು ಕರೆದ ಕೂಡಲೇ ವಿಮರ್ಶೆ ಕೈಮುಗಿದು ಹೊಸಿಲಾಚೆ ನಿಂತುಬಿಡುತ್ತದೆ. ಆದರೆ ಅವರು ಮಾಡಿದ ಮೇಜು, ಕುರ್ಚಿ, ಪೀಠಗಳು ಕೈಮುಗಿಯಲೆಂದು ಮಾಡಿದವುಗಳಲ್ಲ. ಕೂರಲು, ಉಣ್ಣಲು, ಓದಲು ಮಾಡಿದವು. ಅವುಗಳನ್ನು ಮಾಡಿದವರ ಮಾತನ್ನೂ ಅದೇ ನೆಲಮಟ್ಟದಲ್ಲಿ ನಿಂತು ಪರೀಕ್ಷಿಸುವುದೇ ಅವರಿಗೆ ಸಲ್ಲುವ ಗೌರವ. ಮರಕ್ಕೆ ಆತ್ಮವಿದೆ, ಕುಶಲಕರ್ಮಿ ಅದರ ಇಚ್ಛೆಯನ್ನು ನಡೆಸಿಕೊಡುವವನು ಮಾತ್ರ ಎಂಬ ಅರ್ಥದ ನಿಲುವು ಅವರ ಬರಹದಲ್ಲಿ ಮತ್ತೆಮತ್ತೆ ಬರುತ್ತದೆ. ಅವರ ಕೃತಿಗಳು ಈ ನಿಲುವನ್ನು ಎತ್ತಿಹಿಡಿಯುತ್ತವೆಯೇ? ಈ ಪ್ರಶ್ನೆಯನ್ನು ಹಿಡಿದೇ ಮುಂದುವರಿಯೋಣ.

ದಾರಿ ಹುಡುಕಿದ ಕಾಲ

ನಕಾಶಿಮಾ ಹುಟ್ಟಿದ್ದು ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಪಟ್ಟಣದಲ್ಲಿ. ತಂದೆತಾಯಿ ಜಪಾನಿನಿಂದ ವಲಸೆ ಬಂದವರು. ಬಾಲ್ಯದ ಬಹುಭಾಗ ಆ ಸೀಮೆಯ ದಟ್ಟ ಕಾಡು, ಬೆಟ್ಟಗಳ ಅಲೆದಾಟದಲ್ಲಿ ಕಳೆಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೊದಲು ಅರಣ್ಯಶಾಸ್ತ್ರಕ್ಕೆ ಸೇರಿ, ಬಳಿಕ ವಾಸ್ತುಶಿಲ್ಪಕ್ಕೆ ಹೊರಳಿದರು. ೧೯೨೯ರಲ್ಲಿ ಪದವಿ, ಆಮೇಲೆ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ಸ್ನಾತಕೋತ್ತರ ಪದವಿ. ಅಮೆರಿಕ ಆಗ ಆರ್ಥಿಕ ಕುಸಿತದಲ್ಲಿತ್ತು. ತರುಣ ನಕಾಶಿಮಾ ಪ್ಯಾರಿಸಿಗೆ ಹೋಗಿ, ಅಲ್ಲಿಂದ ಮುಂದೆ ಟೋಕಿಯೋ ತಲುಪಿ, ಆಂಟೊನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸಕ್ಕೆ ನಿಂತರು. ಬೊಹೀಮಿಯಾ ಸೀಮೆಯಲ್ಲಿ ಹುಟ್ಟಿದ ರೇಮಂಡ್, ಫ್ರಾಂಕ್ ಲಾಯ್ಡ್ ರೈಟ್ ಅವರ ಜತೆಗೆ ಜಪಾನಿಗೆ ಬಂದು ಅಲ್ಲಿಯೇ ನೆಲೆಸಿದ್ದವರು. ಜಪಾನಿನ ಬಡಗಿಗಳು ಮನೆ ಕಟ್ಟುವ ಕ್ರಮವನ್ನು ಕಲಿಯಬೇಕಾದ ವಿದ್ಯೆಯೆಂದು ಗೌರವಿಸಿದ ಹೊಸಕಾಲದ ವಾಸ್ತುಶಿಲ್ಪಿಗಳಲ್ಲಿ ಅವರೂ ಒಬ್ಬರು. ತನ್ನ ಹಿರಿಯರ ನಾಡಿನ ಮರಗೆಲಸವನ್ನು ನಕಾಶಿಮಾ ಮೊದಲ ಬಾರಿಗೆ ಗಂಭೀರವಾಗಿ ನೋಡಿದ್ದು ಈ ಬೊಹೀಮಿಯನ್ನರ ಕಣ್ಣಿನ ಮೂಲಕ ಎಂಬುದು ನೆನಪಿಡಬೇಕಾದ ಸಂಗತಿ. ಕೆಲವು ಸಲ ನಮ್ಮದನ್ನು ನಮಗೆ ತೋರಿಸಿಕೊಡಲು ಹೊರಗಿನವರೇ ಬರಬೇಕಾಗುತ್ತದೆ. ಗಡಿನಾಡಿನಲ್ಲಿ ಬಾಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಂಡಿಚೇರಿಯ ಗೋಲ್ಕೊಂಡೆ

೧೯೩೦ರ ದಶಕದ ಉತ್ತರಾರ್ಧದಲ್ಲಿ ಪಾಂಡಿಚೇರಿಯ ಶ್ರೀ ಅರವಿಂದಾಶ್ರಮವು ಸಾಧಕರ ವಸತಿಗಾಗಿ ಒಂದು ಕಟ್ಟಡವನ್ನು ಕಟ್ಟಿಸಲು ರೇಮಂಡರನ್ನು ಕೋರಿತು. ಹೈದರಾಬಾದು ಸಂಸ್ಥಾನದ ಆಡಳಿತದ ಅಗ್ರಸ್ಥಾನದಲ್ಲಿದ್ದ ಸರ್ ಅಕ್ಬರ್ ಹೈದರಿಯವರ ಮೂಲಕ ನಿಜಾಮ ಸರ್ಕಾರದಿಂದ ಇದಕ್ಕೆ ಧನಸಹಾಯ ದೊರೆಯಿತು. ಆ ನೆನಪಿಗಾಗಿ ಕಟ್ಟಡಕ್ಕೆ ‘ಗೋಲ್ಕೊಂಡೆ’ ಎಂಬ ಹೆಸರು. ಬೀದರ, ಕಲಬುರಗಿ, ರಾಯಚೂರುಗಳು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಕೆಲಸದ ಉಸ್ತುವಾರಿಗೆ ರೇಮಂಡರು ನೇಮಿಸಿದವರಲ್ಲಿ ಚೆಕ್ ವಾಸ್ತುಶಿಲ್ಪಿ ಫ್ರಾಂಟಿಶೆಕ್ ಸಮ್ಮರ್ ಒಬ್ಬರು, ನಕಾಶಿಮಾ ಇನ್ನೊಬ್ಬರು.

ಗೋಲ್ಕೊಂಡೆ ಭಾರತದ ಆಧುನಿಕ ಕಾಂಕ್ರೀಟ್ ವಾಸ್ತುಶಿಲ್ಪದ ಆದಿಕೃತಿಗಳಲ್ಲಿ ಒಂದು. ಉತ್ತರ ದಕ್ಷಿಣದ ಮುಖಗಳಲ್ಲಿ ಗೋಡೆಯ ಬದಲು ಮೇಲಿಂದ ಕೆಳಗಿನವರೆಗೆ ತಿರುಗಿಸಬಲ್ಲ ಅಡ್ಡಪಟ್ಟಿಗಳಿವೆ. ಬೇಕಾದಾಗ ಗಾಳಿ ಬರುತ್ತದೆ, ಬೇಡವಾದಾಗ ಬಿಸಿಲು ಹೊರಗುಳಿಯುತ್ತದೆ. ಕೋಣೆಗಳಿಗೆ ಸರಿಸುವ ತೇಗದ ಬಾಗಿಲುಗಳು, ಕಾಲಡಿಗೆ ನಮ್ಮ ರಾಯಲಸೀಮೆಯ ಮನೆಗಳಿಗೆ ಚಿರಪರಿಚಿತವಾದ ಕಡಪದ ಕರಿಗಲ್ಲು. ಬೇಸಿಗೆಯ ಬೇಗೆಯನ್ನು ಯಂತ್ರದಿಂದ ಎದುರಿಸದೆ ಕಟ್ಟಡದ ರಚನೆಯಿಂದಲೇ ತಣಿಸುವ ಜಾಣ್ಮೆ ಇಲ್ಲಿದೆ. ಈ ಕಟ್ಟಡಕ್ಕೆ ಬೇಕಾದ ಪೀಠೋಪಕರಣಗಳ ವಿನ್ಯಾಸವನ್ನೂ ನಕಾಶಿಮಾ ಮಾಡಿದರು. ಸರಳ ತೇಗದ ಆ ವಸ್ತುಗಳಲ್ಲಿ ಮುಂದಿನ ನಕಾಶಿಮಾ ಅವರನ್ನು ಹುಡುಕಿದರೆ ಸಿಗುವುದಿಲ್ಲ. ಒರಟು ಅಂಚಿಲ್ಲ, ಗಂಟಿಲ್ಲ, ಬಿರುಕಿಲ್ಲ. ಇರುವುದು ಬೇಡದ್ದನ್ನು ಬಿಡುವ ಸಂಯಮ ಮಾತ್ರ. ಆದರೆ ಆ ಸಂಯಮವೇ ಅವರ ಮುಂದಿನ ಕೆಲಸದ ತಳಹದಿ. ಆಶ್ರಮದಲ್ಲಿ ಅವರು ಸಂಬಳ ಬಿಟ್ಟು ಸಾಧಕರಾಗಿ ಸೇರಿಕೊಂಡರು. ಶ್ರೀ ಅರವಿಂದರು ಅವರಿಗೆ ‘ಸುಂದರಾನಂದ’ ಎಂಬ ಹೆಸರಿಟ್ಟರು. ಕೆಲಸವೇ ಸಾಧನೆ, ಮಾಡಿದ ವಸ್ತುವಿಗೆ ತನ್ನ ಹೆಸರು ಮುಖ್ಯವಲ್ಲ ಎಂಬ ನಿಷ್ಠೆ ಅವರಲ್ಲಿ ನೆಲೆಗೊಂಡದ್ದು ಇಲ್ಲಿ. ಕಾಯಕವನ್ನು ಬಲ್ಲ ಕನ್ನಡಿಗನಿಗೆ ಇದು ಆತ್ಮೀಯವಾಗಿ ಕೇಳಿಸುವುದು ಸಹಜ. ಆದರೆ ಶರಣರ ಪ್ರಭಾವ ಅವರ ಮೇಲಾಗಿತ್ತೆಂದು ಎಳೆದು ತರುವುದು ಬೇಡ. ಬೇರೆಬೇರೆ ಬಾವಿಗಳಲ್ಲಿ ಒಂದೇ ರುಚಿಯ ನೀರು ಸಿಕ್ಕಿದೆಯೆಂದರೆ ಸಾಕು.

ಬೇಲಿಯೊಳಗಿನ ಗುರು

ಯುದ್ಧದ ಕಾರ್ಮೋಡ ಕವಿಯುತ್ತಿದ್ದ ೧೯೩೯ರಲ್ಲಿ ನಕಾಶಿಮಾ ಪಾಂಡಿಚೇರಿ ಬಿಟ್ಟರು. ಜಪಾನಿನ ಮೂಲಕ ಅಮೆರಿಕಕ್ಕೆ ಮರಳಿ, ಸಿಯಾಟಲಿನಲ್ಲಿ ಒಂದು ಪುಟ್ಟ ಮರಗೆಲಸದ ಕಾರ್ಯಾಗಾರ ತೆರೆದರು. ಮರಿಯನ್ ಒಕಜಿಮಾ ಅವರನ್ನು ವರಿಸಿದರು. ೧೯೪೨ರಲ್ಲಿ ಮಗಳು ಮೀರಾ ಹುಟ್ಟಿದಳು. ಅದೇ ವರ್ಷ ಅಮೆರಿಕದ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆಮಠ ಬಿಡಿಸಿ ಶಿಬಿರಗಳಿಗೆ ಸಾಗಿಸಿತು. ಲಕ್ಷಕ್ಕೂ ಮಿಕ್ಕಿದ ಆ ಜನರಲ್ಲಿ ಹೆಚ್ಚಿನವರು ಅಲ್ಲಿಯೇ ಹುಟ್ಟಿದ ನಾಗರಿಕರು. ಹಸುಗೂಸಿನೊಡನೆ ನಕಾಶಿಮಾ ದಂಪತಿಗಳು ಇಡಾಹೋ ರಾಜ್ಯದ ಮಿನಿಡೋಕಾ ಎಂಬ ಬೋಳುಬಯಲಿನ ಶಿಬಿರ ಸೇರಿದರು.

ಆ ಬೇಲಿಯೊಳಗೆ ಅವರಿಗೆ ಗೆಂಟಾರೊ ಹಿಕೊಗಾವಾ ಎಂಬ ಬಡಗಿ ಸಿಕ್ಕಿದರು. ಜಪಾನಿನ ಸಾಂಪ್ರದಾಯಿಕ ಮರಗೆಲಸದಲ್ಲಿ ಪಳಗಿದ ಕೈ ಅದು. ಜಪಾನಿನ ಗರಗಸವೂ ಉಜ್ಜುಗೊರಡೂ ತನ್ನೆಡೆಗೆ ಎಳೆದುಕೊಂಡಾಗ ಕೆಲಸ ಮಾಡುವಂಥವು. ಅವುಗಳನ್ನು ಹಿಡಿಯುವುದು, ಉಳಿಯನ್ನು ಮಸೆಯುವುದು, ಮೊಳೆಯಿಲ್ಲದೆ ಮರವನ್ನು ಮರಕ್ಕೆ ಕೂಡಿಸುವುದು, ಇವೆಲ್ಲವನ್ನು ಎರಡು ವಿಶ್ವವಿದ್ಯಾಲಯಗಳ ಪದವೀಧರರು ಕೂತು ಕಲಿತರು. ಸಾಮಗ್ರಿ ಎಂದರೆ ಕಟ್ಟಡ ಕಟ್ಟಿ ಉಳಿದ ಹಲಗೆಯ ಚೂರು, ಬಯಲಿನಲ್ಲಿ ಬೆಳೆದ ಪೊದೆಗಳ ಗಂಟುಗಂಟಾದ ಕಟ್ಟಿಗೆ. ಜಪಾನಿಯೆಂಬ ಕಾರಣಕ್ಕೆ ಒಬ್ಬರನ್ನು ಸರ್ಕಾರ ಬೇಲಿಯೊಳಗೆ ಹಾಕಿತು. ಆ ಬೇಲಿಯೊಳಗೇ ಅವರ ಕೈ ಮೊದಲಿಗಿಂತ ಹೆಚ್ಚು ಜಪಾನಿಯಾಯಿತು. ಇದಕ್ಕಿಂತ ದೊಡ್ಡ ವಿಪರ್ಯಾಸವನ್ನು ಕಾದಂಬರಿಕಾರನೂ ಕಟ್ಟಲಾರ.

ನಕಾಶಿಮಾ ಅವರ ಸೌಂದರ್ಯದೃಷ್ಟಿಯ ಬೇರು ಇಲ್ಲಿದೆ ಎಂಬುದು ನನ್ನ ವಾದ. ಒಡಕು ಹಲಗೆಯಲ್ಲಿ ಚೆಲುವು ಕಾಣುವ ಗುಣವನ್ನು ವಿಮರ್ಶಕರು ಸಾಮಾನ್ಯವಾಗಿ ಜಪಾನಿನ ತತ್ತ್ವಜ್ಞಾನಕ್ಕೆ ಕೊಂಡೊಯ್ದು ಕಟ್ಟುತ್ತಾರೆ. ಆದರೆ ಅದಕ್ಕೆ ಮೊದಲು ಅದು ಬಡತನದ ಪಾಠ. ೧೯೪೩ರಲ್ಲಿ ರೇಮಂಡರು ಹೊಣೆ ಹೊತ್ತು ಬಿಡಿಸಿಕೊಂಡ ಮೇಲೆ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಬಳಿಯ ಅವರ ಜಮೀನಿನಲ್ಲಿ ಕೋಳಿ ಸಾಕುವ ಕೆಲಸದಿಂದ ನಕಾಶಿಮಾ ಮತ್ತೆ ಬದುಕು ಆರಂಭಿಸಿದರು. ಒಳ್ಳೆಯ ಮರ ಕೊಳ್ಳುವ ಶಕ್ತಿ ಇರಲಿಲ್ಲ. ವ್ಯಾಪಾರಿಗಳು ಬೇಡವೆಂದು ಬದಿಗಿಟ್ಟ ಗಂಟು ಹಲಗೆ, ಸೀಳು ಹಲಗೆ, ತೊಗಟೆಯಂಚಿನ ಹಲಗೆ ಅವರ ಪಾಲಿಗೆ ಬಂದವು. ಅವರು ಅವುಗಳಿಂದಲೇ ಒಂದು ವ್ಯಾಕರಣ ಕಟ್ಟಿದರು.

ಮರ, ಗರಗಸ, ಕೀಲು

ಆ ವ್ಯಾಕರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅವರ ವಿಷಯದಲ್ಲಿ ತತ್ತ್ವಕ್ಕಿಂತ ಕೆಲಸದ ವಿವರವೇ ಹೆಚ್ಚು ಮಾತಾಡುತ್ತದೆ.

ದಿಮ್ಮಿಯನ್ನು ಕೊಯ್ಯುವ ಹೊತ್ತಿಗೆ ನಕಾಶಿಮಾ ಸ್ವತಃ ಸಾಮಿಲ್ಲಿನಲ್ಲಿ ನಿಲ್ಲುತ್ತಿದ್ದರು. ನೂರಾರು ವರ್ಷ ಬೆಳೆದ ಅಕ್ರೋಟು ಮರವೊಂದನ್ನು ಯಾವ ಮಗ್ಗುಲಿನಿಂದ, ಎಷ್ಟು ದಪ್ಪಕ್ಕೆ ಸೀಳಬೇಕೆಂಬ ತೀರ್ಮಾನ ಕೆಲವು ನಿಮಿಷಗಳದ್ದು. ಒಂದಂಗುಲ ಆಚೀಚೆಯಾದರೆ ಒಳಗಿನ ಎಳೆಗಳ ಚಿತ್ತಾರ ಮತ್ತೆಂದೂ ದೊರೆಯದಂತೆ ಹಾಳಾಗುತ್ತದೆ. ಕೊಯ್ದ ಹಲಗೆಗಳನ್ನು ದಿಮ್ಮಿಯಲ್ಲಿ ಇದ್ದ ಅನುಕ್ರಮದಲ್ಲಿಯೇ, ನಡುವೆ ಗಾಳಿಯಾಡಲು ಪಟ್ಟಿಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿಡುತ್ತಿದ್ದರು. ಒಂದಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಒಣಗಬೇಕೆಂಬುದು ಮರಗೆಲಸದವರ ಲೆಕ್ಕ. ಒಣಗಿದ ಮೇಲೂ ತಕ್ಕ ಬಳಕೆ ಹೊಳೆಯುವ ತನಕ ಹಲಗೆ ಕಾಯುತ್ತಿತ್ತು. ಕೆಲವು ಹಲಗೆಗಳು ದಶಕಗಳ ಕಾಲ ಕಾದದ್ದುಂಟು. ಕೊಳ್ಳುವವರು ಬಂದಾಗ ಅವರ ಮನೆ, ಬಳಕೆ, ಕೋಣೆಯ ಅಳತೆಗಳನ್ನು ವಿಚಾರಿಸಿ, ಅವರೆದುರಿಗೇ ಹಲಗೆ ಆರಿಸುತ್ತಿದ್ದರು. ಸಿದ್ಧವಾದ ವಸ್ತುವಿನ ಅಡಿಯಲ್ಲಿ ಬಹುಕಾಲದವರೆಗೆ ಬರೆಯುತ್ತಿದ್ದುದು ಕೊಂಡವರ ಹೆಸರನ್ನು.

ಇನ್ನು ಬಿರುಕಿನ ವಿಚಾರ. ಮರ ಕಡಿದ ಮೇಲೂ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಬಿಗಿಯಾಗಿ ಮುಚ್ಚದ ಬಾಗಿಲು ಬೇಸಿಗೆಯಲ್ಲಿ ಸಲೀಸಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅಗಲವಾದ ಇಡೀ ಹಲಗೆ ಹೀಗೆ ಆಡುವಾಗ ತುದಿಯಲ್ಲಿ ಸೀಳುತ್ತದೆ. ಸಾಮಾನ್ಯ ಬಡಗಿ ಸೀಳಿದ ಭಾಗವನ್ನು ಕತ್ತರಿಸಿ ಬಿಸಾಡುತ್ತಾನೆ, ಇಲ್ಲವೆ ಮೇಣ ತುಂಬಿ ಮರೆಸುತ್ತಾನೆ. ನಕಾಶಿಮಾ ಆ ಬಿರುಕಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ಕೀಲನ್ನು ಕೂರಿಸಿದರು. ಎರಡು ತುದಿ ಅಗಲ, ನಡು ಕಿರಿದಾದ ಈ ಕೀಲು ಹಲಗೆಯ ಎರಡು ದಡಗಳನ್ನು ಹಿಡಿದುಕೊಳ್ಳುತ್ತದೆ. ಬಿರುಕು ಅಗಲವಾಗಲು ಹೊರಟರೆ ಕೀಲಿನ ಅಗಲ ತುದಿಗಳು ಬಿಡುವುದಿಲ್ಲ. ಹಲವು ಮೇಜುಗಳಲ್ಲಿ ಹಲಗೆ ಅಕ್ರೋಟಿನದು, ಕೀಲು ಬೀಟೆಯದು. ಬಣ್ಣವೂ ಬೇರೆ, ಹುಟ್ಟಿದ ನೆಲವೂ ಬೇರೆ. ಬಿರುಕು ಕಾಣುತ್ತಲೇ ಇರುತ್ತದೆ, ಅದನ್ನು ತಡೆದು ನಿಲ್ಲಿಸಿದ ಕೈಯೂ ಕಾಣುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಮ್ಮ ಗಾದೆ ಕೇಳುತ್ತದೆ. ನಕಾಶಿಮಾ ಮರವನ್ನು ಬಗ್ಗಿಸಲು ಹೋಗಲಿಲ್ಲ. ಅದು ಬೆಳೆಯುವಾಗ ಹೇಗೆ ಬಗ್ಗಿತ್ತೋ ಹಾಗೆಯೇ ಅದಕ್ಕೊಂದು ಕೆಲಸ ಹುಡುಕಿಕೊಟ್ಟರು.

ಗ್ರಂಥದ ಎರಡು ದನಿಗಳು

೧೯೮೧ರಲ್ಲಿ ಪ್ರಕಟವಾದ ‘ದಿ ಸೋಲ್ ಆಫ್ ಎ ಟ್ರೀ’ ಅವರ ಆತ್ಮವೃತ್ತಾಂತವೂ ಹೌದು, ವೃತ್ತಿಯ ಕೈಪಿಡಿಯೂ ಹೌದು, ಧ್ಯಾನಗ್ರಂಥವೂ ಹೌದು. ಅದನ್ನು ಓದುವಾಗ ಎರಡು ದನಿಗಳು ಕೇಳಿಸುತ್ತವೆ. ದಿಮ್ಮಿ, ಗರಗಸ, ಒಣಗಿಸುವಿಕೆ, ಜೋಡಣೆಗಳ ವಿಷಯ ಬಂದಾಗ ಬರಹ ನಿಖರ. ಪ್ರತಿಯೊಂದು ಮಾತಿಗೂ ಕೈಯ ಅನುಭವದ ತೂಕವಿದೆ. ಆತ್ಮ, ವಿಶ್ವಚೇತನ, ಪ್ರಕೃತಿಯ ಇಚ್ಛೆಗಳ ವಿಷಯ ಬಂದಾಗ ಬರಹ ಉಬ್ಬುತ್ತದೆ. ಯಾರು ಬೇಕಾದರೂ ಬರೆಯಬಹುದಾದ ಮಾತುಗಳು ನುಸುಳುತ್ತವೆ. ವಚನಕಾರರ ದಾರಿಯೊಡನೆ ಇದನ್ನು ಹೋಲಿಸಿದರೆ ಒಂದು ವ್ಯತ್ಯಾಸ ಎದ್ದುಕಾಣುತ್ತದೆ. ಕಾಯಕದ ಹೆಸರು ಹೊತ್ತ ವಚನಕಾರರು ತಮ್ಮ ಉಪಕರಣದ ಹೆಸರು ಹಿಡಿದುಕೊಂಡೇ ಒಳಗಿನ ಮಾತಿಗೆ ಏರುತ್ತಾರೆ. ಹಾಗಾಗಿ ಅನುಭಾವ ಎಷ್ಟೇ ಮೇಲೇರಿದರೂ ಕಾಲು ನೆಲಕ್ಕಿರುತ್ತದೆ. ನಕಾಶಿಮಾ ತಮ್ಮ ತತ್ತ್ವವನ್ನು ಹೇಳುವಾಗ ಬಾಚಿ, ಉಳಿಗಳನ್ನು ಕೆಳಗಿಟ್ಟು ಕೈ ಒರೆಸಿಕೊಂಡು ಬರುತ್ತಾರೆ. ಅಲ್ಲಿಯೇ ಅವರ ನುಡಿ ಸೋಲುತ್ತದೆ.

ಇನ್ನೊಂದು ಸಂಗತಿ. ಶಿಬಿರದ ಬದುಕಿಗೆ ಈ ಗ್ರಂಥದಲ್ಲಿ ಸಿಕ್ಕಿರುವ ಜಾಗ ತೀರ ಕಡಿಮೆ. ಅನ್ಯಾಯವನ್ನು ಅನ್ಯಾಯವೆಂದು ಹೇಳಿ, ಹೆಚ್ಚು ಬೆಳೆಸದೆ, ಅವರು ಮುಂದಕ್ಕೆ ನಡೆದುಬಿಡುತ್ತಾರೆ. ಇದು ಕ್ಷಮೆಯೋ, ಅಭಿಮಾನವೋ, ಆ ತಲೆಮಾರಿನ ಜಪಾನಿ ಅಮೆರಿಕನ್ನರಲ್ಲಿ ಹಲವರು ಪಾಲಿಸಿದ ಮೌನವೋ ಎಂದು ಓದುಗರು ತರ್ಕಿಸಬಹುದು. ಪುಟಗಳಲ್ಲಿ ಬಾರದ ಮಾತು ಹಲಗೆಗಳಲ್ಲಿ ಬಂದಿದೆ ಎಂದು ನನಗೆ ತೋರುತ್ತದೆ. ಗಾಯವನ್ನು ಅಡಗಿಸದೆ, ಅದನ್ನೇ ಪ್ರದರ್ಶನಕ್ಕೂ ಇಡದೆ, ಇನ್ನಷ್ಟು ಸೀಳದಂತೆ ಕೀಲು ಹಾಕಿ ಅದರ ಮೇಲೆ ಊಟದ ತಟ್ಟೆ ಇಡುವ ಮೇಜು ಆ ವಿಷಯದಲ್ಲಿ ಗ್ರಂಥಕ್ಕಿಂತ ಪ್ರಾಮಾಣಿಕ.

ಮರದ ಇಚ್ಛೆಯೋ, ಮನುಷ್ಯನ ತೀರ್ಮಾನವೋ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕುಶಲಕರ್ಮಿ ಮರದ ಇಚ್ಛೆಯನ್ನು ನಡೆಸಿಕೊಡುವವನು ಮಾತ್ರವೇ? ೧೯೬೦ರ ಸುಮಾರಿನ ‘ಕೊನಾಯ್ಡ್’ ಕುರ್ಚಿಯನ್ನು ನೋಡಿದರೆ ಹೌದೆನ್ನಲು ಆಗುವುದಿಲ್ಲ. ಈ ಕುರ್ಚಿಗೆ ನಾಲ್ಕು ಕಾಲಿಲ್ಲ, ಎರಡೇ. ನೆಲದ ಮೇಲೆ ಉದ್ದುದ್ದಕ್ಕೆ ಮಲಗಿದ ಎರಡು ಮರದ ಪಟ್ಟಿಗಳಿಂದ ಆ ಕಾಲುಗಳು ಏಳುತ್ತವೆ. ಆಸನ ಅವುಗಳಿಂದ ಹೊರಚಾಚಿ ನಿಲ್ಲುತ್ತದೆ. ಬೆನ್ನಿಗೆ ಸಣ್ಣ ಕಡ್ಡಿಗಳ ಸಾಲು. ಮನುಷ್ಯನ ಭಾರಕ್ಕೆ ಇದು ಮುರಿಯುತ್ತದೆಂದು ಶಂಕಿಸಿದವರಿದ್ದರು. ಅದು ನಿಂತಿತು, ಇಂದಿಗೂ ನಿಂತಿದೆ. ನೆಲದ ಪಟ್ಟಿಗಳಿರುವುದರಿಂದ ರತ್ನಗಂಬಳಿಯ ಮೇಲೆ ಸರಾಗವಾಗಿ ಸರಿಯುತ್ತದೆ. ಯಾವ ಮರವೂ ಎರಡು ಕಾಲಿನ ಕುರ್ಚಿಯಾಗಲು ಬಯಸಿ ಬೆಳೆಯುವುದಿಲ್ಲ. ಇದು ಕಟ್ಟಡಗಳ ಬಲಾಬಲವನ್ನು ಲೆಕ್ಕ ಹಾಕಿ ಬಲ್ಲ ವಾಸ್ತುಶಿಲ್ಪಿಯ ಕೆಲಸ. ಕುರ್ಚಿಗೆ ಆ ಹೆಸರು ಬಂದದ್ದೇ ಅವರು ತಮಗಾಗಿ ಕಟ್ಟಿಕೊಂಡ, ಶಂಖದ ಮೈಯಂತೆ ಬಾಗಿದ ಕಾಂಕ್ರೀಟ್ ಚಾವಣಿಯ ಕಾರ್ಯಾಗಾರದಿಂದ.

ತೊಗಟೆಯಂಚನ್ನು ಹಾಗೆಯೇ ಉಳಿಸಿದ ಮೇಜುಗಳಲ್ಲಿಯೂ ಇದೇ ಮಾತು. ಒಂದು ಬದಿ ಮರ ಬೆಳೆದಂತೆ ಅಂಕುಡೊಂಕಾಗಿದ್ದರೆ ಇನ್ನೊಂದು ಬದಿ ಗೆರೆ ಹೊಡೆದಂತೆ ನೇರ. ಮೇಲೆ ಕಾಡು, ಕೆಳಗೆ ಗಣಿತ. ಅಂಚನ್ನು ಎಲ್ಲಿಯವರೆಗೆ ಉಳಿಸಬೇಕು, ಎಲ್ಲಿ ಕತ್ತರಿಸಬೇಕು ಎಂದು ನಿರ್ಧರಿಸುವವರು ಮನುಷ್ಯರೇ. ಅವರ ದೊಡ್ಡಸ್ತಿಕೆ ತನ್ನ ಇಚ್ಛೆಯನ್ನು ಅಳಿಸಿಕೊಂಡದ್ದರಲ್ಲಿ ಇಲ್ಲ. ಎರಡು ಇಚ್ಛೆಗಳ ಜಗ್ಗಾಟದಲ್ಲಿ ಯಾವುದೂ ಪೂರ್ತಿ ಗೆಲ್ಲದಂತೆ ನೋಡಿಕೊಂಡದ್ದರಲ್ಲಿ ಇದೆ. ಗ್ರಂಥ ಒಂದು ಪಕ್ಷದ ಮಾತು ಹೇಳುತ್ತದೆ. ಕುರ್ಚಿ, ಮೇಜುಗಳು ಎರಡೂ ಪಕ್ಷದ ಮಾತು ಹೇಳುತ್ತವೆ. ಅವರ ಅನುಕರಣೆ ಸೋಲುವುದೂ ಇಲ್ಲಿಯೇ. ಇಂದು ನಗರಗಳ ಅಂಗಡಿಗಳಲ್ಲಿ ತೊಗಟೆಯಂಚಿನ ಮೇಜುಗಳು ಸಾಲುಸಾಲಾಗಿ ಸಿಗುತ್ತವೆ. ಬಿರುಕಿನಲ್ಲಿ ಬಣ್ಣದ ರಾಳ ಸುರಿದು ಹೊಳೆಯಿಸಿದ್ದಾರೆ. ಬಿರುಕೇ ಇಲ್ಲದ ಕಡೆ ಚಿಟ್ಟೆಕೀಲು ಕೂರಿಸಿದ್ದೂ ಉಂಟು. ಕಾರಣವಿಲ್ಲದ ಕೀಲು ಅರ್ಥವಿಲ್ಲದ ಅಲಂಕಾರದಂತೆ. ಅದು ಏನನ್ನೂ ಹಿಡಿದಿಲ್ಲ.

ಆಕ್ಷೇಪಗಳು

ನಕಾಶಿಮಾ ಅವರ ವಿಷಯದಲ್ಲಿ ಮೂರು ಆಕ್ಷೇಪಗಳನ್ನು ಎತ್ತಲೇಬೇಕು.

ಮೊದಲನೆಯದು ಬೆಲೆ. ಸರಳ ಬದುಕಿನ ತತ್ತ್ವ ಹೇಳಿದವರ ಮೇಜುಗಳು ಸಿರಿವಂತರ ಮನೆ ಸೇರಿದವು. ೧೯೭೩ರಲ್ಲಿ ನೆಲ್ಸನ್ ರಾಕ್‌ಫೆಲ್ಲರ್ ತಮ್ಮ ಮನೆಗಾಗಿ ಇನ್ನೂರಕ್ಕೂ ಹೆಚ್ಚು ವಸ್ತುಗಳನ್ನು ಮಾಡಿಸಿಕೊಂಡರು. ಕೊಂಡವರ ಹೆಸರು ಹೊತ್ತಿದ್ದ ಪೀಠೋಪಕರಣಗಳು ಇಂದು ಹರಾಜು ಕಟ್ಟೆಗಳಲ್ಲಿ ಮಾಡಿದವರ ಹೆಸರಿಗಾಗಿ ಬಿಕರಿಯಾಗುತ್ತವೆ. ಈ ವೈರುಧ್ಯ ಅವರಿಗೂ ತಿಳಿದಿತ್ತೆಂದು ಊಹಿಸಲು ಕಾರಣಗಳಿವೆ. ೧೯೪೦ರ ದಶಕದಲ್ಲಿ ನಾಲ್ ಎಂಬ ಸಂಸ್ಥೆಗಾಗಿ ಹೆಚ್ಚು ಸಂಖ್ಯೆಯಲ್ಲಿ ಮಾಡಬಹುದಾದ ಸರಳ ಕುರ್ಚಿಯ ವಿನ್ಯಾಸ ಕೊಟ್ಟಿದ್ದರು. ೧೯೬೪ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು, ಅಲ್ಲಿಯ ಬಡಗಿಗಳು ಅಲ್ಲಿಯೇ ಮಾಡಬಹುದಾದ ವಿನ್ಯಾಸಗಳನ್ನು ರೂಪಿಸಿದರು. ಆದರೆ ಅವರ ಹೆಸರು ಉಳಿದದ್ದು ಒಂದೇ ಒಂದು ಹಲಗೆಗೆ ಮಾತ್ರ ಸಲ್ಲುವ ಕೃತಿಗಳಿಂದ. ಅಂಥ ಕೆಲಸ ಅಗ್ಗವಾಗುವುದು ಸಾಧ್ಯವಿಲ್ಲ. ಇದನ್ನು ಅವರ ತಪ್ಪೆನ್ನುವುದಕ್ಕಿಂತ ಅವರ ದಾರಿಯ ಎಲ್ಲೆ ಎನ್ನುವುದು ಸರಿ.

ಎರಡನೆಯದು ಮರದ ಪ್ರಾಣ. ಕಡಿದ ಮರಕ್ಕೆ ಎರಡನೆಯ ಬದುಕು ಕೊಡುತ್ತೇನೆ ಎಂಬ ಮಾತು ಸುಂದರ. ಆದರೆ ಮೊದಲ ಬದುಕು ಮುಗಿದ ಬಗೆಯನ್ನು ಅದು ಮರೆಸಬಾರದು. ಬೀಟೆ, ತೇಗಗಳ ಕಾಡು ಕರಗಿದ್ದನ್ನು ಕಂಡ ವಯನಾಡು, ನೀಲಗಿರಿಗಳ ನಮ್ಮವರು ಈ ಪ್ರಶ್ನೆಯನ್ನು ಕೇಳದೆ ಇರಲಾರರು. ನಕಾಶಿಮಾ ಪರವಾಗಿ ಹೇಳಬಹುದಾದ ಉತ್ತರ ಒಂದಿದೆ: ಮರ ಬೆಳೆಯಲು ತೆಗೆದುಕೊಂಡಷ್ಟು ಕಾಲವಾದರೂ ಅದರಿಂದ ಮಾಡಿದ ವಸ್ತು ಬಾಳಬೇಕೆಂಬುದು ಅವರ ಕೆಲಸದ ನಿಯಮ. ಹತ್ತು ವರ್ಷಕ್ಕೆ ಕಸವಾಗುವ ಪುಡಿಹಲಗೆಯ ಸಾಮಾನುಗಳ ಕಾಲದಲ್ಲಿ ಈ ನಿಯಮ ಪೂರ್ತಿ ಸಮಾಧಾನವಾಗದಿದ್ದರೂ ಸಣ್ಣ ಮಾತಲ್ಲ.

ಮೂರನೆಯದು ಕರ್ತೃತ್ವ. ಅವರ ಹೆಸರಿನ ವಸ್ತುಗಳೆಲ್ಲ ಅವರೊಬ್ಬರ ಕೈಯಿಂದ ಆದವಲ್ಲ. ಕಾರ್ಯಾಗಾರದಲ್ಲಿ ನುರಿತ ಕೆಲಸಗಾರರಿದ್ದರು. ಹಲಗೆಯ ಆಯ್ಕೆ, ರೇಖಾಚಿತ್ರ, ಕೊನೆಯ ತೀರ್ಮಾನ ನಕಾಶಿಮಾ ಅವರದು. ೧೯೯೦ರಲ್ಲಿ ಅವರು ತೀರಿಕೊಂಡ ಮೇಲೆ ಕಾರ್ಯಾಗಾರವನ್ನು ನಡೆಸಿಕೊಂಡು ಬಂದವರು ಮಗಳು ಮೀರಾ. ಶಿಬಿರಕ್ಕೆ ಹೋದ ಆ ಹಸುಗೂಸು. ಹಾರ್ವರ್ಡ್ ಮತ್ತು ಟೋಕಿಯೋದ ವಸೇದಾ ವಿಶ್ವವಿದ್ಯಾಲಯಗಳಲ್ಲಿ ಓದಿ, ತಂದೆಯ ಜತೆ ಇಪ್ಪತ್ತು ವರ್ಷ ದುಡಿದವರು. ತಂದೆ ಕೂಡಿಟ್ಟ ಹಲಗೆಗಳಿಂದಲೇ ಮಗಳು ಮಾಡಿದ ಮೇಜು ಯಾರದು? ಪಾಶ್ಚಾತ್ಯ ಕಲಾವಿಮರ್ಶೆಗೆ ಇದು ತೊಡಕಿನ ಪ್ರಶ್ನೆ, ಮಾರುಕಟ್ಟೆಗೆ ಇನ್ನೂ ತೊಡಕಿನದು. ಘರಾಣೆಗಳ ಸಂಗೀತವನ್ನೂ ತಿಟ್ಟುಗಳ ಯಕ್ಷಗಾನವನ್ನೂ ಬಲ್ಲ ನಮಗೆ ಅಷ್ಟು ತೊಡಕೆನಿಸದು. ಗುರುವಿನಿಂದ ಬಂದದ್ದು ಶಿಷ್ಯೆಯ ಕೈಯಲ್ಲಿ ಬೆಳೆದರೆ ಅದು ಇಬ್ಬರದೂ ಹೌದು. ಪ್ರಿನ್ಸ್‌ಟನ್ನಿನ ದಂಪತಿಗಳೊಬ್ಬರು ಕೂಡಿಸಿಕೊಂಡಿದ್ದ ನೂರಕ್ಕೂ ಹೆಚ್ಚು ನಕಾಶಿಮಾ ವಸ್ತುಗಳು ೧೯೮೯ರಲ್ಲಿ ಬೆಂಕಿಗೆ ಆಹುತಿಯಾದಾಗ, ಎಂಬತ್ತು ದಾಟಿದ್ದ ನಕಾಶಿಮಾ ಅವುಗಳನ್ನು ಮತ್ತೆ ಮಾಡಲು ಒಪ್ಪಿಕೊಂಡರು. ಅವರಿಂದಾಗದೆ ಉಳಿದದ್ದನ್ನು ಮಗಳು ಪೂರೈಸಿದರು.

ಶಾಂತಿಯ ಪೀಠಗಳು

ಬದುಕಿನ ಕೊನೆಯ ವರ್ಷಗಳಲ್ಲಿ ಅಸಾಧಾರಣ ಗಾತ್ರದ ಒಂದು ಅಕ್ರೋಟು ದಿಮ್ಮಿ ಅವರಿಗೆ ದೊರೆಯಿತು. ಅದರಿಂದ ಭೂಖಂಡಕ್ಕೊಂದರಂತೆ ಶಾಂತಿಪೀಠಗಳನ್ನು ಮಾಡುವ ಆಸೆ ಹುಟ್ಟಿತು. ಮೊದಲನೆಯದು ೧೯೮೬ರ ಕೊನೆಯ ದಿನ ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಇಗರ್ಜಿಯಲ್ಲಿ ನೆಲೆಗೊಂಡಿತು. ಮಾಸ್ಕೋಗೆ ಒಂದು, ಪಾಂಡಿಚೇರಿಯ ಪಕ್ಕದ ಆರೋವಿಲ್ಲಿಗೆ ಒಂದು, ಅವರ ಕಾಲಾನಂತರ ಸಂದವು. ಹಿಂದೂ, ಕ್ಯಾಥೊಲಿಕ್, ಶೇಕರ್, ಜಪಾನಿ, ಅಮೆರಿಕನ್ ಎಂಬ ಹೆಸರುಗಳನ್ನೆಲ್ಲ ಒಟ್ಟಿಗೆ ಪೋಣಿಸಿ ತಮ್ಮನ್ನು ಕರೆದುಕೊಳ್ಳುತ್ತಿದ್ದವರಿಗೆ ಈ ಯೋಜನೆ ಸಹಜವೇ.

ಕಲಾಕೃತಿಗಳಾಗಿ ಈ ಪೀಠಗಳು ಅವರ ಶ್ರೇಷ್ಠ ಕೆಲಸವೆಂದು ನಾನು ಹೇಳಲಾರೆ. ದಿಮ್ಮಿಯ ಮೈಯನ್ನು ಮಧ್ಯದಲ್ಲಿ ಸೀಳಿ ಪುಸ್ತಕದ ಎರಡು ಪುಟಗಳಂತೆ ತೆರೆದು, ನಡುವೆ ಕೀಲುಗಳಿಂದ ಬೆಸೆದ ವಿಸ್ತಾರ ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಅವರ ಮೇಜಿನ ಘನತೆ ಬಳಕೆಯಿಂದ ಬಂದದ್ದು. ಮಕ್ಕಳು ಬರೆದು ಗ್ರಂಥಸ್ಥರು ಉಂಡು ಕಲೆಯಾದ ಮೇಜು ಅವರ ಕಣ್ಣಿಗೆ ಹಾಳಾದದ್ದಲ್ಲ, ಬದುಕಿದ್ದು. ಯಾರೂ ಉಣ್ಣದ ಮೇಜಿಗೆ ಆ ಘನತೆಯನ್ನು ಸಂದೇಶದಿಂದ ತುಂಬಬೇಕಾಗುತ್ತದೆ.

ನಮಗೆ ದಕ್ಕಬೇಕಾದದ್ದು

ಇಲ್ಲಿಯವರೆಗೆ ಓದಿದ ಗಡಿನಾಡಿನ ಕನ್ನಡಿಗರಿಗೆ ನಕಾಶಿಮಾ ಅವರ ಬದುಕಿನಲ್ಲಿ ತಮ್ಮ ನೆರಳು ಕಂಡಿದ್ದರೆ ಆಶ್ಚರ್ಯವಿಲ್ಲ. ಹೋಲಿಕೆಯನ್ನು ಅಳತೆ ಮೀರಿ ಹಿಗ್ಗಿಸುವುದು ಮಾತ್ರ ಸಲ್ಲದು. ಅವರ ಹಿರಿಯರು ಕಡಲು ದಾಟಿ ವಲಸೆ ಹೋದವರು. ನಮ್ಮಲ್ಲಿ ಬಹಳ ಮಂದಿಯ ಹಿರಿಯರು ಎಲ್ಲಿಗೂ ಹೋಗಲಿಲ್ಲ. ೧೯೫೬ರ ಗೆರೆ ಅವರ ಹೊಲ, ಶಾಲೆ, ದೇವಸ್ಥಾನಗಳ ಪಕ್ಕದಲ್ಲಿ ಹಾದುಹೋಯಿತು. ನಮ್ಮನ್ನು ಯಾರೂ ಬೇಲಿಯೊಳಗೆ ಹಾಕಿಲ್ಲ. ನೆರೆಯ ಭಾಷೆಗಳೊಡನೆ ಕೊಟ್ಟುಕೊಂಡು ಬಾಳಿದ್ದೇವೆ. ಆದರೂ ಒಂದು ವಿಷಯದಲ್ಲಿ ಅವರು ನಮಗೆ ಹತ್ತಿರದವರು. ನಾವು ಆಡುವ ಕನ್ನಡದಲ್ಲಿ ಸೀಳುಗಳಿವೆ, ಗಂಟುಗಳಿವೆ; ಅವುಗಳಿಗೆ ಅಡ್ಡಲಾಗಿ ಮರಾಠಿಯ, ತೆಲುಗಿನ, ಮಲೆಯಾಳದ, ತಮಿಳಿನ ಕೀಲುಗಳಿವೆ. ಇದನ್ನು ಕಂಡು ಕೆಲವರು ನಮ್ಮ ಭಾಷೆಯನ್ನು ಕೆಟ್ಟ ಹಲಗೆಯೆಂದು ಬದಿಗಿಡುತ್ತಾರೆ; ಕೆಲವರು ಮೇಣ ತುಂಬಿ ನಯಗೊಳಿಸಲು ಸಲಹೆ ಕೊಡುತ್ತಾರೆ. ಬೀಟೆಯ ಕೀಲು ಕೂತ ಅಕ್ರೋಟು ಅಕ್ರೋಟಾಗಿಯೇ ಉಳಿಯುತ್ತದೆ ಎಂಬುದನ್ನು ನಕಾಶಿಮಾ ತಮ್ಮ ಮೇಜುಗಳಲ್ಲಿ ತೋರಿಸಿಕೊಟ್ಟಿದ್ದಾರೆ. ಕೀಲು ಅಗತ್ಯವಿರುವಲ್ಲಿ ಇರಬೇಕು, ಹಲಗೆ ಮಾತ್ರ ನಮ್ಮದಾಗಿರಬೇಕು. ಇಷ್ಟು ವಿವೇಕ ಸಾಕು.

ಕೊನೆಯದಾಗಿ ಒಂದು ಮಾತು. ಮಿನಿಡೋಕಾದಲ್ಲಿ ಹಿಕೊಗಾವಾ ಅವರ ಪಕ್ಕದಲ್ಲಿ ಒಬ್ಬ ಓದಿದ ತರುಣ ಕೂತು ಕಲಿಯದೆ ಹೋಗಿದ್ದರೆ ಆ ಬಡಗಿಯ ವಿದ್ಯೆಯಲ್ಲಿ ಎಷ್ಟೋ ಭಾಗ ಅವರೊಡನೆಯೇ ಮುಗಿಯುತ್ತಿತ್ತು. ನಮ್ಮ ಊರುಗಳಲ್ಲಿಯೂ ಬಾಚಿ, ಉಳಿ, ಕೊಡತಿ, ಉಜ್ಜುಗೊರಡುಗಳ ಹೆಸರು ಬಲ್ಲ, ಹಲಗೆ ತಟ್ಟಿ ಚೇಗು ಯಾವುದೆಂದು ಹೇಳಬಲ್ಲ ಹಿರಿಯ ಬಡಿಗರು ಅಲ್ಲಲ್ಲಿ ಇದ್ದಾರೆ. ನೇಗಿಲಿನ, ಬಂಡಿಯ, ತೊಟ್ಟಿಲಿನ, ಬಾಗಿಲವಾಡದ ಒಂದೊಂದು ಭಾಗಕ್ಕೂ ಅವರ ಬಾಯಲ್ಲಿ ಒಂದೊಂದು ಕನ್ನಡ ಮಾತಿದೆ. ಸೊಲ್ಲಾಪುರದ್ದು ಒಂದು ಬಗೆ, ಆದವಾನಿಯದು ಇನ್ನೊಂದು, ಕಾಸರಗೋಡಿನದು ಮತ್ತೊಂದು. ಕಾರ್ಖಾನೆಯ ಸಾಮಾನು ಮನೆ ತುಂಬಿದಂತೆ ಈ ಮಾತುಗಳು ಬಳಕೆ ತಪ್ಪುತ್ತಿವೆ. ಸಂಘದ ತರುಣ ತರುಣಿಯರು ಬರುವ ವರ್ಷ ತಮ್ಮ ತಮ್ಮ ಊರಿನ ಒಬ್ಬ ಬಡಿಗರ ಬಳಿ ಕೂತು ಆ ಮಾತುಗಳನ್ನು ಬರೆದುಕೊಂಡು ಬಂದರೆ, ಮುಂದಿನ ಸಮ್ಮೇಳನದ ಸಂಚಿಕೆಗೆ ಅದಕ್ಕಿಂತ ಬೆಲೆಬಾಳುವ ಲೇಖನ ಬೇರೊಂದು ಬೇಕಾಗಲಾರದು.